ಚಾಕಲೇಟಿನ ಸಾಲಿಗೆ ಚಿಪ್ಸ್ ಪೊಟ್ಟಣ

ಗಾಜಿನ ಮುಖದ ತಿಂಡಿ ಯಂತ್ರದ ಮುಂದೆ ನಿಂತಾಗ ಪೊಟ್ಟಣಗಳ ಕೆಳಗಿರುವ ಅಂಕಿಗಳನ್ನು ಒಮ್ಮೆ ನೋಡಿ. ಚಾಕಲೇಟು, ಮಿಠಾಯಿ ಇರುವ ಸಾಲಿನಲ್ಲಿ 30, 31, 32, 33 ಎಂದು ಒಂದೂ ತಪ್ಪದೆ ಸಾಗುತ್ತವೆ. ಚಿಪ್ಸ್ ಇರುವ ಸಾಲಿಗೆ ಬಂದರೆ ಬಹಳಷ್ಟು ಯಂತ್ರಗಳಲ್ಲಿ 10, 12, 14, 16, 18 ಎಂದಿರುತ್ತದೆ. ನಡುವಿನ ಬೆಸ ಸಂಖ್ಯೆಗಳು ಇರುವುದೇ ಇಲ್ಲ. ಅಲ್ಲಿ ಒಂದೊಂದು ಚಿಪ್ಸ್ ಸಾಲೂ ಎರಡೆರಡು ಚಾಕಲೇಟ್ ಸಾಲುಗಳ ಜಾಗವನ್ನು ಹಿಡಿದು ಕೂತಿದೆ. ಅಮೆರಿಕದಲ್ಲಿ ಬಳಕೆಗೆ ಬಂದ ಅಳತೆಯಲ್ಲಿ ಮಿಠಾಯಿಯ ಸಾಲು ಸುಮಾರು 7 ಸೆಂಟಿಮೀಟರ್ ಅಗಲ, ಚಿಪ್ಸ್ ಸಾಲು ಅದರ ದುಪ್ಪಟ್ಟು, 14 ಸೆಂಟಿಮೀಟರ್. ಒಂದು ಟ್ರೇಯಲ್ಲಿ ಹತ್ತು ಮಿಠಾಯಿ ಸಾಲು ಹಿಡಿಸಿದರೆ ಚಿಪ್ಸ್ ಸಾಲು ಐದೇ.

ಹತ್ತನ್ನು ಐದು ಮಾಡುವುದು ಹೇಗೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಮೆಕ್ಯಾನಿಕ್‌ನ ತಲೆನೋವು ಅನ್ನಿಸುತ್ತದೆ. ಆದರೆ ಯಂತ್ರದಿಂದ ಯಾವ ತಿಂಡಿ ನಮ್ಮ ಕೈಗೆ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಒಳಗಿರುವ ತಂತಿಯ ಸುರುಳಿ. ಆ ಸುರುಳಿಯ ಲೆಕ್ಕ ತಿಳಿದರೆ ಈ ಬದಲಾವಣೆ ಯಾಕೆ ಬೇಕು, ಯಾಕೆ ಕಷ್ಟ ಎರಡೂ ತಿಳಿಯುತ್ತವೆ.

ಬಾಲ್ ಪೆನ್ನಿನೊಳಗಿನ ಸ್ಪ್ರಿಂಗನ್ನು ದೊಡ್ಡದು ಮಾಡಿ ಅಡ್ಡ ಮಲಗಿಸಿದಂತೆ ಇರುತ್ತದೆ ಈ ಸುರುಳಿ. ಸುತ್ತು ಸುತ್ತಿನ ನಡುವೆ ಒಂದೊಂದು ಪೊಟ್ಟಣ ನಿಂತಿರುತ್ತದೆ. ಹಿಂಬದಿಯ ಪುಟ್ಟ ಮೋಟಾರು ಸುರುಳಿಯನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿದರೆ ಎಲ್ಲ ಪೊಟ್ಟಣಗಳೂ ಒಂದು ಸುತ್ತಿನಷ್ಟು ಮುಂದೆ ಸರಿಯುತ್ತವೆ, ಅಂಚಿನಲ್ಲಿದ್ದದ್ದು ಕೆಳಗೆ ಬೀಳುತ್ತದೆ. ನೀರೆತ್ತಲು ಬಳಸುತ್ತಿದ್ದ ಆರ್ಕಿಮಿಡೀಸ್ ತಿರುಪು, ಅಕ್ಕಿ ಗಿರಣಿಯಲ್ಲಿ ಕಾಳು ಸಾಗಿಸುವ ಸ್ಕ್ರೂ ಕನ್ವೇಯರ್ ಎಲ್ಲ ಇದೇ ಕುಲದವು. ತಿರುಗುವ ಚಲನೆಯನ್ನು ನೇರ ಚಲನೆ ಮಾಡುವುದು ಇವುಗಳ ಕೆಲಸ. ಕಾಸು ಹಾಕಿದರೆ ವಸ್ತು ಕೊಡುವ ಯಂತ್ರದ ಕಲ್ಪನೆಯೂ ಹಳೆಯದೇ. ಮೊದಲ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ದೇವಾಲಯದ ತೀರ್ಥ ಕೊಡುವ ಯಂತ್ರವನ್ನು ವಿವರಿಸಿದ್ದಾನೆ. 1888ರಲ್ಲಿ ನ್ಯೂಯಾರ್ಕ್‌ನ ರೈಲು ಪ್ಲಾಟ್‌ಫಾರಂಗಳಲ್ಲಿ ಚ್ಯೂಯಿಂಗ್ ಗಮ್ ಮಾರುವ ಯಂತ್ರಗಳು ಬಂದವು. ಒಳಗಿನ ತಿಂಡಿಯನ್ನು ಗಾಜಿನ ಮೂಲಕ ಕಂಡು ಆರಿಸಿಕೊಳ್ಳುವ ಯಂತ್ರ ಬಂದದ್ದು 1970ರ ದಶಕದಲ್ಲಿ.

ಸುರುಳಿಯಲ್ಲಿ ಎಷ್ಟು ಸುತ್ತುಗಳಿವೆ ಎಂಬುದನ್ನು ಈ ಉದ್ಯಮದವರು ಕೌಂಟ್ ಎನ್ನುತ್ತಾರೆ. ಟ್ರೇಯ ಉದ್ದ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅಲ್ಲಿ 20 ಕೌಂಟ್ ಸುರುಳಿ ಇದ್ದರೆ ಸುತ್ತಿನಿಂದ ಸುತ್ತಿಗೆ 3 ಸೆಂಟಿಮೀಟರ್ ಅಂತರ. ಚಾಕಲೇಟ್ ಬಾರ್‌ಗೆ ಅದು ಹೇಳಿ ಮಾಡಿಸಿದ್ದು. 10 ಕೌಂಟ್ ಆದರೆ 6 ಸೆಂಟಿಮೀಟರ್, ಗಾಳಿ ತುಂಬಿದ ಚಿಪ್ಸ್ ಪೊಟ್ಟಣಕ್ಕೆ ಸರಿ. ಅಂತರ ಪೊಟ್ಟಣದ ದಪ್ಪಕ್ಕಿಂತ ಸ್ವಲ್ಪವೇ ಹೆಚ್ಚಿರಬೇಕು. ತೀರಾ ಬಿಗಿಯಾದರೆ ತಂತಿ ಪೊಟ್ಟಣವನ್ನು ಕಚ್ಚಿ ಹಿಡಿಯುತ್ತದೆ, ಬಿಡುವುದಿಲ್ಲ. ತೀರಾ ಸಡಿಲವಾದರೆ ಪೊಟ್ಟಣ ಹಿಂದಕ್ಕೋ ಮುಂದಕ್ಕೋ ವಾಲಿ ಮಲಗಿಬಿಡುತ್ತದೆ. ಮಲಗಿದ ಪೊಟ್ಟಣವನ್ನು ಸುರುಳಿ ತಳ್ಳಲಾರದು, ಅಡಿಯಲ್ಲೇ ಸವರಿಕೊಂಡು ಹೋಗುತ್ತದೆ.

ಈಗ ಲೆಕ್ಕವನ್ನು ಸ್ವಲ್ಪ ಮುಂದುವರಿಸೋಣ. ಹತ್ತು ಸಾಲು, ಸಾಲಿಗೆ 20ರಂತೆ ಒಂದು ಟ್ರೇಯಲ್ಲಿ 200 ಚಾಕಲೇಟ್ ಬಾರ್ ಹಿಡಿಯುತ್ತವೆ. ಅದೇ ಟ್ರೇಯನ್ನು ಚಿಪ್ಸ್‌ಗೆ ಬದಲಿಸಿದರೆ ಐದು ಸಾಲು, ಸಾಲಿಗೆ 10ರಂತೆ 50 ಪೊಟ್ಟಣ. ಕಡಲೆಬೀಜ, ಕ್ಯಾರಮೆಲ್ ತುಂಬಿದ ಸಾಮಾನ್ಯ ಅಮೆರಿಕನ್ ಚಾಕಲೇಟ್ ಬಾರ್ ಒಂದರಲ್ಲಿ ಸುಮಾರು 250 ಕ್ಯಾಲರಿ ಇದ್ದರೆ, 28 ಗ್ರಾಂ ಚಿಪ್ಸ್ ಪೊಟ್ಟಣದಲ್ಲಿ ಸುಮಾರು 160. ಅಂದರೆ ಒಂದೇ ಟ್ರೇ ಒಂದು ರೂಪದಲ್ಲಿ 50,000 ಕ್ಯಾಲರಿ ಹೊರುತ್ತದೆ, ಇನ್ನೊಂದು ರೂಪದಲ್ಲಿ 8,000. ಯಂತ್ರಕ್ಕೆ ಸರಕು ತುಂಬಲು ವ್ಯಾನಿನಲ್ಲಿ ಊರು ಸುತ್ತುವವನ ಕಣ್ಣಿನಿಂದ ನೋಡಿ: ಬಾರ್ ತುಂಬಿದರೆ ವಾರಗಟ್ಟಲೆ ಆ ಕಡೆ ಹೋಗಬೇಕಿಲ್ಲ, ಚಿಪ್ಸ್ ತುಂಬಿದರೆ ಅದರ ನಾಲ್ಕು ಪಟ್ಟು ಓಡಾಟ. ಚಿಕ್ಕದು, ಒತ್ತಾದದ್ದು, ಸಿಹಿಯಾದದ್ದು ಈ ಯಂತ್ರದ ಜ್ಯಾಮಿತಿಗೆ ಹೊಂದುತ್ತದೆ. ಹಗುರವಾದ, ಗಾಳಿ ತುಂಬಿದ, ಕ್ಯಾಲರಿ ಕಡಿಮೆ ಇರುವ ತಿಂಡಿಗೆ ಅದೇ ಜ್ಯಾಮಿತಿ ಅಡ್ಡಗಾಲು. ಯಾರೂ ಕೆಡುಕು ಬಯಸಿ ಹೀಗೆ ಮಾಡಿದ್ದಲ್ಲ. ಆದರೂ ಫಲ ಮಕ್ಕಳ ಹೊಟ್ಟೆಗೆ ತಟ್ಟುತ್ತದೆ.

ಅಮೆರಿಕದಲ್ಲಿ ಈ ತೊಡಕು ನಿಜಕ್ಕೂ ಎದುರಾಯಿತು. 2010ರ ಕಾಯ್ದೆಯೊಂದರ ಆಧಾರದ ಮೇಲೆ ರೂಪುಗೊಂಡ ‘ಸ್ಮಾರ್ಟ್ ಸ್ನ್ಯಾಕ್ಸ್’ ನಿಯಮಗಳು 2014ರ ಜುಲೈನಿಂದ ಶಾಲೆಗಳಲ್ಲಿ ಜಾರಿಗೆ ಬಂದವು. ಶಾಲೆಯ ಹೊತ್ತಿನಲ್ಲಿ ಮಕ್ಕಳಿಗೆ ಮಾರುವ ಒಂದು ತಿಂಡಿ 200 ಕ್ಯಾಲರಿ ದಾಟಬಾರದು, ತೂಕದಲ್ಲಿ ಸಕ್ಕರೆ ಶೇ 35ಕ್ಕಿಂತ ಹೆಚ್ಚಿರಬಾರದು. ಯಂತ್ರಗಳಿಗೂ ಇದು ಅನ್ವಯ. 250 ಕ್ಯಾಲರಿಯ ಬಾರ್ ಹೊರಬಿತ್ತು. ಬೇಕ್ ಮಾಡಿದ ಚಿಪ್ಸ್, ಪಾಪ್‌ಕಾರ್ನ್‌ನಂಥವು ಒಳಬರಬೇಕಾಯಿತು. ಹೊಸ ತಿಂಡಿಗಳು ಹಳೆಯ ಸಾಲುಗಳಲ್ಲಿ ಹಿಡಿಸುವುದಿಲ್ಲ. ಶಾಲೆಯ ಮಾತು ಬಿಟ್ಟರೂ ಬಿಸಿಲಿನ ಕಾರಣ ಒಂದಿದೆ. ಚಾಕಲೇಟಿನ ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ತಂಪು ವ್ಯವಸ್ಥೆ ಇಲ್ಲದ ಯಂತ್ರದಲ್ಲಿ ಚಾಕಲೇಟ್ ಇಟ್ಟವನಿಗೆ ಮೆತ್ತಗಾದ ಅಂಟು ಮಾತ್ರ ಉಳಿಯುತ್ತದೆ.

ಬದಲಾಯಿಸುವ ಕೆಲಸಕ್ಕೆ ಬರೋಣ. ಮೊದಲು ಯಂತ್ರದ ವಿದ್ಯುತ್ ತೆಗೆಯಬೇಕು. ಟ್ರೇಯನ್ನು ಮುಂದಕ್ಕೆ ಎಳೆದು ಹಿಂದಿನ ತಂತಿಗಳ ಪ್ಲಗ್ ಬಿಡಿಸಿದರೆ ಅದು ಹೊರಗೆ ಬರುತ್ತದೆ. ಎರಡು ಮಿಠಾಯಿ ಸಾಲುಗಳ ನಡುವಿನ ತೆಳು ತಗಡಿನ ಗೋಡೆಯನ್ನು ಕಿತ್ತರೆ 14 ಸೆಂಟಿಮೀಟರ್ ಅಗಲದ ಓಣಿ ಸಿಗುತ್ತದೆ. ಎರಡು ಸಣ್ಣ ಸುರುಳಿಗಳನ್ನು ತೆಗೆದು ಒಂದು ದೊಡ್ಡದನ್ನು ಕೂರಿಸಬೇಕು. ಆದರೆ ಅದು ಓಣಿಯ ನಡುವೆ ನಿಲ್ಲಬೇಕಾದ್ದರಿಂದ ಮೋಟಾರೂ ನಡುವಿಗೆ ಬರಬೇಕು. ಕೆಲವು ಟ್ರೇಗಳ ಹಿಂದಿನ ಪಟ್ಟಿಯಲ್ಲಿ ಇದಕ್ಕಾಗಿಯೇ ಬೇರೆ ರಂಧ್ರಗಳಿರುತ್ತವೆ. ಇಲ್ಲದಿದ್ದರೆ ಆ ಟ್ರೇಯನ್ನು ಬಿಟ್ಟು ಬೇರೆಯದನ್ನೇ ತರುವುದು ಜಾಣತನ.

ಆಮೇಲೆ ಎತ್ತರ. ಬಾರ್‌ಗೆಂದು ಟ್ರೇಗಳನ್ನು ಒಂದರ ಮೇಲೊಂದು ಹತ್ತಿರ ಹತ್ತಿರ ಜೋಡಿಸಿರುತ್ತಾರೆ. ನೆಟ್ಟಗೆ ನಿಂತ ಚಿಪ್ಸ್ ಪೊಟ್ಟಣಕ್ಕೆ ಒಂದು ಗೇಣಿಗೂ ಹೆಚ್ಚು ಎತ್ತರ ಬೇಕು. ಮೇಲಿನ ಟ್ರೇಯನ್ನು ಇನ್ನೂ ಮೇಲಕ್ಕೆ ಸರಿಸಬೇಕು, ಎಷ್ಟೋ ಸಲ ಇಡೀ ಟ್ರೇ ಒಂದನ್ನು ತ್ಯಾಗ ಮಾಡಬೇಕಾಗುತ್ತದೆ. ಇನ್ನೊಂದು ಅಳತೆಯನ್ನು ಮರೆಯುವವರೇ ಹೆಚ್ಚು: ಟ್ರೇಯ ಅಂಚಿಗೂ ಮುಂದಿನ ಗಾಜಿಗೂ ನಡುವಿನ ಸಂದು. ಚಾಕಲೇಟ್ ಆ ಸಂದಿನಲ್ಲಿ ಸಲೀಸಾಗಿ ಜಾರುತ್ತದೆ. ಉಬ್ಬಿದ ಪೊಟ್ಟಣ ಒಂದು ಕಡೆ ಸುರುಳಿಗೆ, ಇನ್ನೊಂದು ಕಡೆ ಗಾಜಿಗೆ ಒರಗಿ ಸೇತುವೆಯಂತೆ ನಿಂತುಬಿಡಬಹುದು.

ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಸುರುಳಿಯ ತುದಿಯ ವಿಷಯ. ಮೋಟಾರಿನ ಗೇರಿನ ಜೊತೆ ಒಂದು ಪುಟ್ಟ ಕ್ಯಾಮ್, ಅಂದರೆ ಅಂಚು ಏರುತಗ್ಗಾದ ಚಕ್ರ, ತಿರುಗುತ್ತಿರುತ್ತದೆ. ಒಂದು ಸುತ್ತು ಪೂರ್ತಿಯಾದಾಗ ಅದು ಸ್ವಿಚ್ಚೊಂದನ್ನು ತಟ್ಟಿ ‘ಮನೆ ಸೇರಿದೆ’ ಎಂದು ಯಂತ್ರಕ್ಕೆ ತಿಳಿಸುತ್ತದೆ. ಹಾಗಾಗಿ ಸುರುಳಿ ಪ್ರತಿ ಸಲ ಒಂದೇ ಭಂಗಿಯಲ್ಲಿ ನಿಲ್ಲುತ್ತದೆ. ಆ ಭಂಗಿ ಯಾವುದು ಎಂಬುದು ಮಾತ್ರ ಕೂರಿಸುವವನ ಕೈಯಲ್ಲಿದೆ. ಸುರುಳಿಯನ್ನು ಮೋಟಾರಿನಿಂದ ಬಿಡಿಸಿ, ಒಂದಿಷ್ಟು ತಿರುಗಿಸಿ, ಮತ್ತೆ ಸಿಕ್ಕಿಸಿದರೆ ತಂತಿಯ ಮುಂದಿನ ತುದಿ ಬೇರೆ ಜಾಗದಲ್ಲಿ ನಿಲ್ಲುತ್ತದೆ. ತುದಿ ಬೇಗ ಜಾರಿಕೊಂಡರೆ ಪೊಟ್ಟಣ ಅರ್ಧ ಸುತ್ತಿಗೇ ಬೀಳುತ್ತದೆ, ಅದರ ಹಿಂದಿನದೂ ಅಂಚಿಗೆ ಬಂದು ಬೀಳುವಂತೆ ತೂಗಾಡುತ್ತಿರುತ್ತದೆ. ತಡವಾದರೆ ಸುತ್ತು ಮುಗಿದರೂ ಪೊಟ್ಟಣ ತಂತಿಗೆ ನೇತಾಡುತ್ತಿರುತ್ತದೆ. ಬಾರ್‌ಗೆ ಸರಿಹೊಂದಿದ್ದ ಭಂಗಿ ಚಿಪ್ಸ್‌ಗೆ ಹೊಂದುವುದಿಲ್ಲ. ಬಾರ್ ಭಾರವಾದದ್ದು, ಅದರ ಗುರುತ್ವ ಕೇಂದ್ರ ತಳಕ್ಕೆ ಹತ್ತಿರ. ಚಿಪ್ಸ್ ಪೊಟ್ಟಣ ಎತ್ತರ, ಹಗುರ. ತಳ ಅಂಚು ದಾಟಿದರೂ ಮೇಲ್ಭಾಗ ಹಿಂದಿನ ತಂತಿಗೆ ತಾಗಿಕೊಂಡಿರಬಹುದು. ಅದಕ್ಕಾಗಿ ತಂತಿಯ ತುದಿಗೆ ಸಣ್ಣ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸುತ್ತಾರೆ. ಸುತ್ತಿನ ಕೊನೆಯಲ್ಲಿ ಅದು ಪೊಟ್ಟಣಕ್ಕೆ ಒಂದು ತಳ್ಳು ಕೊಡುತ್ತದೆ, ಪೊಟ್ಟಣ ಮುಂದಕ್ಕೆ ಮಗುಚುತ್ತದೆ.

ಸುರುಳಿ ಮುಂದಕ್ಕೆ ತಳ್ಳುವುದರ ಜೊತೆಗೆ ಪಕ್ಕಕ್ಕೂ ಎಳೆಯುತ್ತದೆ. ತಿರುಗುವ ತಂತಿ ಪೊಟ್ಟಣದ ತಳವನ್ನು ಒಂದೇ ದಿಕ್ಕಿಗೆ ಉಜ್ಜುತ್ತಿರುತ್ತದಲ್ಲ, ಆ ಘರ್ಷಣೆ ಅದನ್ನು ಒಂದು ಪಕ್ಕದ ಗೋಡೆಗೆ ಒತ್ತುತ್ತದೆ. ಸಣ್ಣ ಬಾರ್‌ಗೆ ಓಣಿ ಇಕ್ಕಟ್ಟಾಗಿರುವುದರಿಂದ ಅದು ತಿರುಗಲು ಜಾಗವಿಲ್ಲ. ಅಗಲದ ಓಣಿಯಲ್ಲಿ ಪೊಟ್ಟಣ ಓರೆಯಾಗಬಹುದು. ಭಾರದ, ಅಗಲದ ತಿಂಡಿಗಳಿಗೆ ಕೆಲವು ಯಂತ್ರಗಳಲ್ಲಿ ಜೋಡಿ ಸುರುಳಿ ಬಳಸುತ್ತಾರೆ. ಒಂದರ ತಿರುಪು ಎಡಕ್ಕೆ, ಇನ್ನೊಂದರದು ಬಲಕ್ಕೆ. ಎರಡೂ ವಿರುದ್ಧ ದಿಕ್ಕಿನಲ್ಲಿ ತಿರುಗಿದಾಗ ಪಕ್ಕದ ಎಳೆತಗಳು ಒಂದನ್ನೊಂದು ತಿಂದುಹಾಕುತ್ತವೆ, ಮುಂದಕ್ಕೆ ತಳ್ಳುವ ಬಲ ಮಾತ್ರ ಕೂಡಿಕೊಳ್ಳುತ್ತದೆ. ಇಷ್ಟು ಸೊಗಸಾದ ಉಪಾಯವನ್ನು ಗಾಜಿನ ಹಿಂದೆ ಎಲ್ಲರ ಕಣ್ಣೆದುರೇ ಇಟ್ಟಿದ್ದಾರೆ.

ಹಾರ್ಡ್‌ವೇರ್ ಮುಗಿದ ಮೇಲೆ ಯಂತ್ರದ ಮಿದುಳಿಗೂ ವಿಷಯ ತಿಳಿಸಬೇಕು. ಯಾವ ಅಂಕಿಗೆ ಮೋಟಾರು ಇದೆ, ಯಾವುದಕ್ಕೆ ಇಲ್ಲ ಎಂದು ನಿಯಂತ್ರಕ ಪರೀಕ್ಷಿಸಿಕೊಳ್ಳುತ್ತದೆ. ಎರಡು ಮೋಟಾರುಗಳು ಒಂದೇ ತಿಂಡಿಗೆ ದುಡಿಯುವುದಾದರೆ ಅವೆರಡನ್ನೂ ಜೋಡಿಯಾಗಿಸಿ, ಒಂದು ಅಂಕಿ ಒತ್ತಿದರೆ ಎರಡೂ ಒಟ್ಟಿಗೆ ತಿರುಗುವಂತೆ ಹೊಂದಿಸಬೇಕು. ಬೆಸ ಸಂಖ್ಯೆಗಳು ಕಾಣೆಯಾಗುವುದು ಇಲ್ಲಿಯೇ.

ತಿಂಡಿ ಬಿದ್ದಿತೋ ಇಲ್ಲವೋ ಎಂದು ನೋಡಲು ಈಗಿನ ಯಂತ್ರಗಳಲ್ಲಿ ಬೀಳುವ ದಾರಿಗೆ ಅಡ್ಡಲಾಗಿ ಅವಗೆಂಪು ಕಿರಣಗಳ ಪರದೆ ಇರುತ್ತದೆ. ಕಿರಣ ತುಂಡಾಗದಿದ್ದರೆ ಯಂತ್ರ ಮೋಟಾರನ್ನು ಮತ್ತೊಮ್ಮೆ ತಿರುಗಿಸಿ ನೋಡುತ್ತದೆ, ಆಗಲೂ ಬೀಳದಿದ್ದರೆ ಹಣ ವಾಪಸು. ಇಂಥ ಪರದೆ ಇಲ್ಲದ ಹಳೆಯ ಯಂತ್ರದಲ್ಲಿ ತಪ್ಪು ಕೌಂಟಿನ ಸುರುಳಿ ಹಾಕಿದರೆ ಹಣ ಕೊಟ್ಟವನ ಎದುರೇ ಪೊಟ್ಟಣ ನೇತಾಡುತ್ತದೆ, ಅವನು ಯಂತ್ರವನ್ನು ಅಲ್ಲಾಡಿಸತೊಡಗುತ್ತಾನೆ. ಇದನ್ನು ಹಗುರವಾಗಿ ಕಾಣಬಾರದು. ಪಾನೀಯ ಯಂತ್ರಗಳನ್ನು ಅಲುಗಾಡಿಸಿ ಅವು ಮೈಮೇಲೆ ಬಿದ್ದು ಜನ ಸತ್ತದ್ದನ್ನು ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ 1988ರಲ್ಲೇ ದಾಖಲಿಸಿದೆ. ತುಂಬಿದ ಯಂತ್ರ ನೂರಾರು ಕಿಲೋ ತೂಗುತ್ತದೆ. ಸರಿಯಾದ ಸುರುಳಿ ಹಾಕುವುದು ಸುರಕ್ಷತೆಯ ಕೆಲಸವೂ ಹೌದು.

ಯಾವ ಟ್ರೇ ಬದಲಿಸಬೇಕು ಎಂಬುದರಲ್ಲೂ ವಿವೇಚನೆ ಬೇಕು. ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ತಳ ಮುಟ್ಟುವಾಗ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿರುತ್ತದೆ. ಚಿಪ್ಸ್ ಹಗುರ, ಜೊತೆಗೆ ಪೊಟ್ಟಣದೊಳಗಿನ ನೈಟ್ರೋಜನ್ ಅನಿಲವೇ ಮೆತ್ತೆಯಾಗಿ ಕಾಯುತ್ತದೆ. ಆದ್ದರಿಂದ ಅದಕ್ಕೆ ಮೇಲಿನ ಸಾಲು. ಭಾರದ ಬಿಸ್ಕತ್ತು, ಬಾರ್‌ಗಳಿಗೆ ಕೆಳಗಿನದು.

ಆ ನೈಟ್ರೋಜನ್ ಇನ್ನೊಂದು ಆಟವನ್ನೂ ಆಡುತ್ತದೆ, ಅದು ನಮ್ಮ ಬೆಂಗಳೂರಿಗೆ ನೇರವಾಗಿ ತಾಗುತ್ತದೆ. ಸಮುದ್ರಮಟ್ಟದ ಊರಿನಲ್ಲಿ ತುಂಬಿ ಮುಚ್ಚಿದ ಪೊಟ್ಟಣ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ಬಂದಾಗ ಹೊರಗಿನ ಗಾಳಿಯ ಒತ್ತಡ ಶೇ 10ರಷ್ಟು ಕಡಿಮೆಯಾಗಿರುತ್ತದೆ. ಒಳಗಿನ ಅನಿಲ ಆ ಮಟ್ಟಿಗೆ ಹಿಗ್ಗಲು ನೋಡುತ್ತದೆ. ಪೊಟ್ಟಣದ ಹಾಳೆ ರಬ್ಬರಿನಂತೆ ಹಿಗ್ಗದು. ಹಾಗಾಗಿ ಪೊಟ್ಟಣ ಉದ್ದ ಅಗಲಗಳಲ್ಲಿ ಬೆಳೆಯದೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ಹೆಚ್ಚುವುದು ದಪ್ಪ. ಸುರುಳಿಗೆ ಲೆಕ್ಕಕ್ಕೆ ಬರುವ ಅಳತೆಯೂ ಅದೇ. 1,600 ಮೀಟರ್ ಎತ್ತರದ ಅಮೆರಿಕದ ಡೆನ್ವರ್‌ನಲ್ಲಿ ಅನಿಲ ಐದನೇ ಒಂದು ಭಾಗದಷ್ಟು ಹಿಗ್ಗಲು ಹವಣಿಸುತ್ತದೆ. ಕಡಲ ತಡಿಯ ಮಂಗಳೂರಿನಲ್ಲಿ 12 ಕೌಂಟಿನ ಸುರುಳಿಯಲ್ಲಿ ಸಲೀಸಾಗಿ ಜಾರುವ ಪೊಟ್ಟಣಕ್ಕೆ ಘಟ್ಟ ಹತ್ತಿದ ಮೇಲೆ 10 ಕೌಂಟ್ ಬೇಕಾದರೆ ಆಶ್ಚರ್ಯವಿಲ್ಲ.

ಭಾರತದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳು ಶಾಲೆಯ ಆವರಣದಲ್ಲೂ ಅದರ 50 ಮೀಟರ್ ಸುತ್ತಲಲ್ಲೂ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿಂಡಿಗಳನ್ನು ಮಕ್ಕಳಿಗೆ ಮಾರುವುದನ್ನು ನಿಷೇಧಿಸಿವೆ. ಕರಿದ ಚಿಪ್ಸ್ ಕೂಡ ಅಲ್ಲಿ ಉತ್ತರವಾಗದು. ಹುರಿಗಡಲೆ, ಹುರಿದ ಮಖಾನ, ಮಂಡಕ್ಕಿಯ ಪೊಟ್ಟಣಗಳು ಯಂತ್ರಕ್ಕೆ ಬರಬೇಕೆಂಬುದು ನನ್ನ ಆಸೆ. ಇವುಗಳಲ್ಲಿ ಹುರಿಗಡಲೆಗೆ ಮಿಠಾಯಿಯ ಸಾಲೇ ಸಾಕು. ಒತ್ತಾದ ಕಾಳು, ಚಪ್ಪಟೆ ಪೊಟ್ಟಣ, ಹೆಚ್ಚೆಂದರೆ 20 ಕೌಂಟಿನ ಬದಲು 15. ಮಖಾನ, ಮಂಡಕ್ಕಿ ಹಾಗಲ್ಲ. ಅವಕ್ಕೆ ನಡುವಿನ ಗೋಡೆ ಕೀಳಬೇಕು, ಮೇಲಿನ ಟ್ರೇ ಎತ್ತಬೇಕು, ತುದಿಯ ಭಂಗಿ ಮತ್ತೆ ಹೊಂದಿಸಬೇಕು. ಸಾಲು ತುಂಬ ಪೊಟ್ಟಣ ಜೋಡಿಸಿ ಮೊದಲನೆಯದರಿಂದ ಕೊನೆಯದರವರೆಗೆ ಒಂದೊಂದನ್ನೂ ಬೀಳಿಸಿ ನೋಡಬೇಕು. ಏಕೆಂದರೆ ಹಿಂದಿನಿಂದ ಒತ್ತುವ ಪೊಟ್ಟಣಗಳು ತೀರಿ ಕೊನೆಯದೊಂದೇ ಉಳಿದಾಗ ಅದು ಹಿಂದಕ್ಕೆ ವಾಲುವ ಸಂಭವ ಎಲ್ಲಕ್ಕಿಂತ ಹೆಚ್ಚು.