ಗೆಜ್ಜೆ ಬಿಚ್ಚಿದ ಮೇಲೆ ಶಾಲೆ ಶುರು

ಪತ್ತನಾಜೆ ಮುಗಿಯಿತೆಂದರೆ ಕರಾವಳಿಯ ಕಲಾವಿದ ಗೆಜ್ಜೆ ಬಿಚ್ಚುತ್ತಾನೆ. ತುಳುವರ ಬೇಸ ತಿಂಗಳ ಹತ್ತನೆಯ ದಿನ ಅದು, ಮೇ 24ರ ಆಸುಪಾಸಿನಲ್ಲಿ ಬೀಳುತ್ತದೆ. ಕೋಲ, ನೇಮ, ಬಯಲಾಟ ಎಲ್ಲ ಅಲ್ಲಿಗೆ ನಿಂತು ಯಕ್ಷಗಾನ ಮೇಳದ ಪೆಟ್ಟಿಗೆಗಳು ದೇವಸ್ಥಾನಕ್ಕೆ ಮರಳುತ್ತವೆ. ಕೆಲವೇ ದಿನಗಳಲ್ಲಿ ಮಳೆ, ಮಳೆಯ ಬೆನ್ನಿಗೇ ಶಾಲೆ. ಬಿಜೈ ಚರ್ಚ್ ರಸ್ತೆಯಲ್ಲಿ ಮಕ್ಕಳ ಕೊಡೆಗಳ ಸಾಲು ಕಾಣಿಸಿಕೊಳ್ಳುವ ಹೊತ್ತಿಗೆ ಮಂಗಳೂರಿನಲ್ಲಿ ಇನ್ನೊಂದು ಬಗೆಯ ಪ್ರವೇಶಾತಿಯೂ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಯಕ್ಷಗಾನ ತರಗತಿಗೆ ಮಗುವಿನ ಹೆಸರು ಕೊಡುವ ಅಪ್ಪ ಅಮ್ಮಂದಿರು, ಕಾಲೇಜಿನ ರಂಗ ಅಧ್ಯಯನ ಕೇಂದ್ರದಲ್ಲಿ ಅರ್ಜಿ ತುಂಬುವ ಹುಡುಗರು, ಡಿಗ್ರಿ ಮುಗಿಸಿ ಹೆಗ್ಗೋಡಿನ ರಂಗಶಾಲೆಯ ಸಂದರ್ಶನಕ್ಕೆ ಮನೆಯವರನ್ನು ಒಪ್ಪಿಸಲು ಹೆಣಗುವವರು.

ರಂಗಕಲೆಯ ಶಾಲೆ ಮಳೆಗಾಲದಲ್ಲೇ ಬಾಗಿಲು ತೆರೆಯುವುದಕ್ಕೆ ಇಲಾಖೆಯ ವೇಳಾಪಟ್ಟಿಯೊಂದೇ ಕಾರಣ ಅಂದುಕೊಳ್ಳಬೇಡಿ. ನವೆಂಬರ್‌ನಿಂದ ಮೇವರೆಗೆ ಇಲ್ಲಿ ಕಲಿಸುವವರೇ ಸಿಗುವುದಿಲ್ಲ. ಇವತ್ತು ಬಂಟ್ವಾಳ, ನಾಳೆ ಬೆಳ್ತಂಗಡಿ ಎಂದು ಊರೂರು ತಿರುಗುವ ಭಾಗವತನಿಗೆ, ರಾತ್ರಿ ಕುಣಿದು ಹಗಲು ಮಲಗುವ ವೇಷಧಾರಿಗೆ ಬಿಡುವು ಸಿಗುವುದು ಮಳೆ ಹಿಡಿದಾಗ ಮಾತ್ರ. ಆಗ ಅವರು ವೇಷ ಕುಣಿತವಿಲ್ಲದ ತಾಳಮದ್ದಳೆಯಲ್ಲಿ ಕೂರುತ್ತಾರೆ, ಇಲ್ಲವೇ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ. ಊರಿಗೆ ಊರೇ ಆಟ ನೋಡಿ ಮುಗಿಸಿದ ಮೇಲೆ ಕಲಿಯಲು ಹೊರಡುವುದು ಇಲ್ಲಿ ಹಳೆಯ ರೂಢಿ.

ಮಂಗಳೂರಿನ ಈ ಬಿಜೈಯನ್ನೇ ನೋಡಿ. ಇಲ್ಲಿ ರಂಗಶಾಲೆಯ ದೊಡ್ಡ ಬೋರ್ಡು ಯಾವುದೂ ಕಣ್ಣಿಗೆ ಹೊಡೆಯುವುದಿಲ್ಲ. ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣ, ಎದುರಿಗೆ ಭಾರತ್ ಮಾಲ್, ಹಡಗಿನ ಆಕಾರದ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯ, ಚರ್ಚು, ಮಾರ್ಕೆಟ್ಟು. ಆದರೆ ನಾಟಕ ಮತ್ತು ಸಿನಿಮಾದ ದಾರಿಗಳು ಇಲ್ಲಿ ಒಂದನ್ನೊಂದು ಹಾಯುತ್ತವೆ. ಪಕ್ಕದ ಕಾಪಿಕಾಡನ್ನು ಹೆಸರಿನಲ್ಲೇ ಹೊತ್ತ ದೇವದಾಸ್ ಕಾಪಿಕಾಡ್ ‘ಚಾಪರ್ಕ’ ತಂಡ ಕಟ್ಟಿ, ತಾವೇ ಬರೆದು, ತಾವೇ ಆಡಿ, ತುಳು ರಂಗಭೂಮಿಗೆ ತುಂಬಿದ ಮೈದಾನಗಳನ್ನು ತಂದುಕೊಟ್ಟವರು. 2015ರಲ್ಲಿ ‘ಚಂಡಿ ಕೋರಿ’ ನಿರ್ದೇಶಿಸಿ ಅದೇ ಪ್ರೇಕ್ಷಕರನ್ನು ಚಿತ್ರಮಂದಿರಕ್ಕೂ ಕರೆದೊಯ್ದರು. ಅದಕ್ಕೂ ಮೊದಲು, 2011ರಲ್ಲಿ ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕ ‘ಒರಿಯರ್ದೊರಿ ಅಸಲ್’ ತೆರೆಗೆ ಬಂದು, ಮಂಕಾಗಿದ್ದ ತುಳು ಸಿನಿಮಾ ಎದ್ದು ಕೂತಿತ್ತು. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. ಆಮೇಲಿನ ನಲವತ್ತು ವರ್ಷಗಳಲ್ಲಿ ಏಳಿಗಿಂತ ಬೀಳೇ ಹೆಚ್ಚು. ಅದನ್ನು ಎತ್ತಿ ನಿಲ್ಲಿಸಿದ ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್ ಮೂವರೂ ನಾಟಕದ ಹಲಗೆಯ ಮೇಲೆ ಪಳಗಿದವರು.

ಹಾಗಾದರೆ ಇಂಥ ಊರಿಗೆ ನಟನೆಯ ಶಾಲೆ ಯಾಕೆ ಬೇಕು? ಹಿರಿಯರು ಕೇಳುವ ಪ್ರಶ್ನೆ ಇದು, ಕೇಳುವುದರಲ್ಲಿ ತಪ್ಪಿಲ್ಲ. ಉತ್ತರ ಹುಡುಕಬೇಕಾದರೆ ಮೇಳದ ಚೌಕಿಗೆ, ಅಂದರೆ ಬಣ್ಣದ ಮನೆಗೆ ಹೋಗಬೇಕು.

ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯ, ಇಡೀ ರಾತ್ರಿಯ ಆಟದಲ್ಲಿ ಪ್ರಸಂಗ ಶುರುವಾಗುವ ಮೊದಲು ಪೂರ್ವರಂಗವೆಂಬುದೊಂದಿತ್ತು. ಚೌಕಿಯಲ್ಲಿ ಗಣಪತಿ ಪೂಜೆಯಾದ ಮೇಲೆ ಮೊದಲು ರಂಗಕ್ಕೆ ಬರುವವರು ಕೋಡಂಗಿಗಳು: ಅರೆಬರೆ ಬಣ್ಣ, ಹಗುರ ಉಡುಪು, ಹೆಜ್ಜೆ ತಪ್ಪಿದರೂ ಯಾರೂ ಗದರದ ಹೊತ್ತು. ಮೇಳ ಸೇರಿದ ಹುಡುಗ ಇಲ್ಲಿಂದ ಶುರು ಮಾಡುತ್ತಿದ್ದ. ಸ್ವಲ್ಪ ಪಳಗಿದ ಮೇಲೆ ಬಾಲಗೋಪಾಲ, ಆಮೇಲೆ ಪೂರ್ವರಂಗದ ಸ್ತ್ರೀವೇಷ, ಮತ್ತೆ ಪ್ರಸಂಗದಲ್ಲೊಂದು ಸಣ್ಣ ವೇಷ, ಹಾಗೇ ವರ್ಷದಿಂದ ವರ್ಷಕ್ಕೆ ಒಂದೊಂದೇ ಮೆಟ್ಟಿಲು. ಪ್ರೇಕ್ಷಕರು ಇನ್ನೂ ಚಾಪೆ ಹಾಸುತ್ತಿರುತ್ತಾರೆ, ಕಡಲೆ ಕೊಳ್ಳುತ್ತಿರುತ್ತಾರೆ. ನೋಡುವವರಿದ್ದೂ ನೋಡದ ಆ ಒಂದೆರಡು ಗಂಟೆ ಮೇಳದ ಒಳಗಿನ ಪಾಠಶಾಲೆಯಾಗಿತ್ತು. ಶುಲ್ಕವಿಲ್ಲ, ಸರ್ಟಿಫಿಕೇಟಿಲ್ಲ. ಆದರೆ ಚಂಡೆ ಮದ್ದಳೆ ನಿಜವಾದದ್ದು, ದೀಪ ನಿಜವಾದದ್ದು, ಎದುರಿಗೆ ಕೂತ ಊರೂ ನಿಜವಾದದ್ದು.

ಕಾಲಮಿತಿಯ ಆಟಗಳು ಬಂದಾಗ ಮೊದಲು ಕತ್ತರಿ ಬಿದ್ದದ್ದು ಇದಕ್ಕೆ. ಟೆಂಟಿನ ಮೇಳಗಳ ಕಾಲದಲ್ಲೇ ಟಿಕೆಟ್ ಕೊಂಡವರಿಗೆ ಕಾಯುವ ತಾಳ್ಮೆಯಿಲ್ಲವೆಂದು ಪೂರ್ವರಂಗ ಮೊಟಕಾಗತೊಡಗಿತ್ತು. ಈಗ ಧರ್ಮಸ್ಥಳ ಮೇಳವೂ ಸಂಜೆ ಆರಂಭಿಸಿ ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡುತ್ತದೆ. ಬೆಳಗಾದರೆ ಕೆಲಸಕ್ಕೆ ಹೋಗಬೇಕಾದ ನಮಗೆ ಅದು ಅನುಕೂಲವೇ, ಬೇಡವೆನ್ನುವ ಮುಖ ನನಗಂತೂ ಇಲ್ಲ. ಹರಕೆ ಆಟಗಳಲ್ಲಿ ಪೂರ್ವರಂಗ ಒಂದಿಷ್ಟು ಉಳಿದಿದೆ, ಅದೂ ನಿಜ. ಆದರೂ ಒಟ್ಟಿನಲ್ಲಿ ಲೆಕ್ಕ ಹಾಕಿದರೆ, ಆಟದ ಹೊತ್ತು ಇಳಿದಷ್ಟೂ ಕಲಿಯುವವನ ಜಾಗ ಇಳಿದಿದೆ. ಆ ಪಾಠವನ್ನು ಎಲ್ಲಾದರೂ ಮಾಡಲೇಬೇಕಲ್ಲ? ಮೇಳದ ಹೊರಗೆ ಹುಟ್ಟಿದ ಶಾಲೆಗಳ ಕೆಲಸ ಅದು.

ಉಡುಪಿಯ ಯಕ್ಷಗಾನ ಕೇಂದ್ರ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಎಂಜಿಎಂ ಕಾಲೇಜಿನ ಆಶ್ರಯದಲ್ಲಿ. ಕು.ಶಿ. ಹರಿದಾಸ ಭಟ್ಟರ ಸಂಘಟನೆ, ಶಿವರಾಮ ಕಾರಂತರ ಕಣ್ಣು. ನೀಲಾವರ ರಾಮಕೃಷ್ಣಯ್ಯ, ವೀರಭದ್ರ ನಾಯಕ್, ಹಿರಿಯಡ್ಕ ಗೋಪಾಲ ರಾವ್ ಅವರಂಥ ಬಡಗುತಿಟ್ಟಿನ ದಿಗ್ಗಜರು ಅಲ್ಲಿ ಗುರುಗಳಾದರು. ಈಗ ಇಂದ್ರಾಳಿಯಲ್ಲಿರುವ ಕೇಂದ್ರ ಗುರುಕುಲದ ಹಾಗೆ ನಡೆಯುತ್ತದೆ. ಮಕ್ಕಳಿಗೆ ಊಟ ವಸತಿ ಅಲ್ಲೇ; ಹಗಲಲ್ಲಿ ಊರಿನ ಶಾಲೆ ಕಾಲೇಜು, ಮುಂಜಾನೆ ಮತ್ತು ಸಂಜೆ ಹೆಜ್ಜೆ, ತಾಳ. ಅಲ್ಲೇ ಕಲಿತು ಅಲ್ಲೇ ಗುರುವಾದ ಬನ್ನಂಜೆ ಸಂಜೀವ ಸುವರ್ಣರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಗಳಿಗೂ ಯಕ್ಷಗಾನ ಕಲಿಸಿದರು. ತೆಂಕಿಗೆ ಧರ್ಮಸ್ಥಳದ ಕಲಾಕೇಂದ್ರವಿತ್ತು. ಕುರಿಯ ವಿಠಲ ಶಾಸ್ತ್ರಿಗಳಂಥವರು, ಸೂರಿಕುಮೇರಿ ಗೋವಿಂದ ಭಟ್ಟರಂಥವರು ಅಲ್ಲಿ ಕಲಿಸಿದರು. ಈಚೆಗೆ ಭಾಗವತ ಪಟ್ಲ ಸತೀಶ್ ಶೆಟ್ಟಿಯವರ ಯಕ್ಷಧ್ರುವ ಪಟ್ಲ ಫೌಂಡೇಶನ್, ಶಾಲೆಗಳಿಗೇ ಗುರುಗಳನ್ನು ಕಳಿಸಿ ಉಚಿತವಾಗಿ ಕಲಿಸುವ ಏರ್ಪಾಡು ಮಾಡಿದೆ.

ಯಕ್ಷಗಾನ ತರಗತಿಯ ಮೊದಲ ತಿಂಗಳನ್ನು ಕೂತು ನೋಡಬೇಕು. ಕಿರೀಟ ಸಿಗುತ್ತದೆಂದು ಬಂದ ಮಗುವಿಗೆ ಸಿಗುವುದು ಮಂಡಿನೋವು. ಮೊಣಕಾಲು ಹೊರಕ್ಕೆ ಮಡಿಸಿ, ಬೆನ್ನು ನೆಟ್ಟಗಿಟ್ಟು, ಅರೆಮಂಡಿಯಲ್ಲಿ ನಿಲ್ಲಬೇಕು. ಐದು ನಿಮಿಷಕ್ಕೆ ತೊಡೆ ನಡುಗತೊಡಗುತ್ತದೆ. ಹತ್ತು ನಿಮಿಷಕ್ಕೆ ಒಂದಿಬ್ಬರು ನೀರು ಕುಡಿಯುವ ನೆಪದಲ್ಲಿ ಜಾರುತ್ತಾರೆ. ಗುರುಗಳು ಬಾಯಿತಾಳ ಹೇಳುತ್ತಾ ಹೋಗುತ್ತಾರೆ, ಮಕ್ಕಳು ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಅದನ್ನೇ ಹೇಳಬೇಕು, ಆಮೇಲೆ ಕಾಲಿಗೆ ತರಬೇಕು. ಏಕತಾಳ ಕಾಲಿಗೆ ಕೂತ ಮೇಲೆ ರೂಪಕ, ಝಂಪೆ, ತ್ರಿವುಡೆ. ಬಾಯಿ ಸರಿ ಇದ್ದರೆ ಕಾಲು ತಪ್ಪುತ್ತದೆ, ಕಾಲು ಸರಿಯಾದರೆ ಕೈ ಮರೆಯುತ್ತದೆ, ಮೂರೂ ಸರಿಯಾದ ದಿನ ಮುಖದಲ್ಲಿ ಏನೂ ಇರುವುದಿಲ್ಲ. ಆಗ ಗುರುಗಳು ಹೇಳುವುದು ‘ಇನ್ನೊಮ್ಮೆ’. ಧೀಂಗಿಣ ಹಾಕುವ ಆಸೆಯಿಂದ ಬಂದ ಹುಡುಗ ಗಾಳಿಯಲ್ಲಿ ತಿರುಗುವ ಆ ಹಾರು ಕುಣಿತಕ್ಕೆ ತಲುಪಲು ಬಹಳ ಮಳೆಗಾಲಗಳು ಬೇಕು.

ಮಾತು ಬರುವುದು ಇನ್ನೂ ಆಮೇಲೆ. ಯಕ್ಷಗಾನದ ಅರ್ಥಗಾರಿಕೆಗೆ ಬರೆದಿಟ್ಟ ಸಂಭಾಷಣೆ ಇಲ್ಲ; ಪದ್ಯ ಮುಗಿದ ಮೇಲೆ ಆಡುವ ಮಾತು ಆ ಕ್ಷಣದ್ದು. ತರಗತಿಗಳಲ್ಲಿ ಮಕ್ಕಳಿಗೆ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಾರೆ, ಬೇರೆ ದಾರಿಯೂ ಇಲ್ಲ. ಆದರೆ ಎದುರಿನ ವೇಷ ಬರೆದುಕೊಟ್ಟದ್ದನ್ನು ಬಿಟ್ಟು ಬೇರೇನೋ ಕೇಳಿದರೆ ಏನು ಮಾಡಬೇಕೆಂಬ ಪಾಠ ಯಾವ ತರಗತಿಯಲ್ಲೂ ಪೂರ್ತಿಯಾಗುವುದಿಲ್ಲ. ಮೇಳದ ಮುಂದೆ ಶಾಲೆ ಸೋಲುವ ಜಾಗ ಇದೇ ಎಂದು ನನ್ನ ಅನಿಸಿಕೆ. ಮಳೆಗಾಲದ ತಾಳಮದ್ದಳೆಗಳಿಗೆ ಮಕ್ಕಳನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸುವ ಗುರುಗಳಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಯಕ್ಷಗಾನ ಬಿಟ್ಟು ಆಧುನಿಕ ನಾಟಕದ ಕಡೆಗೆ ಹೊರಟವರಿಗೆ ದಾರಿ ಘಟ್ಟ ಹತ್ತುತ್ತದೆ. ಇದೂ ಹೊಸತಲ್ಲ. ಬಂಟ್ವಾಳದ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಶಾಲೆಯಲ್ಲಿರುವಾಗ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಬಣ್ಣ ಹಚ್ಚಿದವರು, ನಾಟಕದ ಹುಚ್ಚು ಹತ್ತಿ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದರು. ಕಂಪನಿಯೇ ಅವರ ಮೊದಲ ರಂಗಶಾಲೆ. ಓದಲೆಂದು ಅವರನ್ನು ಬನಾರಸಿಗೆ ಕಳಿಸಿದ್ದು ಗುಬ್ಬಿ ವೀರಣ್ಣನವರೇ. ಅಲ್ಲಿಂದ ರಾಷ್ಟ್ರೀಯ ನಾಟಕ ಶಾಲೆ. ಮುಂದೆ ಅದೇ ಶಾಲೆಯ ನಿರ್ದೇಶಕರಾದರು. 1975ರಲ್ಲಿ ‘ಚೋಮನ ದುಡಿ’ ಮಾಡಿ ಸ್ವರ್ಣಕಮಲ ತಂದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ನಾಟಕ ಸಿನಿಮಾ ಎರಡನ್ನೂ ಒಂದೇ ತೋಳಿನಲ್ಲಿ ಎತ್ತಿದ ಮನುಷ್ಯ ನಮ್ಮ ಜಿಲ್ಲೆಯವರು ಎಂದು ಹೇಳಿಕೊಳ್ಳಲು ನಮಗೆ ಹೆಮ್ಮೆ. ಅವರು ಓಡಿಹೋಗಬೇಕಾಯಿತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಹೇಳುವುದಿಲ್ಲ.

ಈಗ ಓಡಿಹೋಗಬೇಕಾದ ಅಗತ್ಯವಿಲ್ಲ, ಬಿಜೈಯಲ್ಲಿ ಬಸ್ ಹತ್ತಿದರೆ ಸಾಕು. ಆಗುಂಬೆ ಘಾಟಿ, ತೀರ್ಥಹಳ್ಳಿ ದಾಟಿ ಸಾಗರ, ಅಲ್ಲಿಂದ ಹೆಗ್ಗೋಡು. ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಹುಟ್ಟಿದ್ದು 1949ರಲ್ಲಿ, ಅಡಿಕೆ ತೋಟದ ಊರಿನ ಹವ್ಯಾಸಿ ತಂಡವಾಗಿ. ಕೆ.ವಿ. ಸುಬ್ಬಣ್ಣನವರು ಮೊದಲು ಅಲ್ಲಿಗೆ ತಂದ ಶಿಸ್ತಿನ ಪಾಠ ಸಿನಿಮಾದ್ದು ಎಂಬುದು ಹಲವರಿಗೆ ಮರೆತಿದೆ: 1973ರಲ್ಲಿ ಚಿತ್ರಸಮಾಜ, ಕೆಲವು ವರ್ಷಗಳಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಅವರಿಂದ ಚಿತ್ರ ರಸಗ್ರಹಣ ಶಿಬಿರ. ಹಳ್ಳಿಯ ಜನ ಸತ್ಯಜಿತ್ ರಾಯ್, ಕುರೊಸಾವಾ ನೋಡಿದ ಮೇಲೆ, 1980ರಲ್ಲಿ, ರಂಗಶಿಕ್ಷಣ ಕೇಂದ್ರ ಶುರುವಾಯಿತು. ಪ್ರಾಂಶುಪಾಲರಾಗಿ ಅದನ್ನು ಬಹುಕಾಲ ನಡೆಸಿದವರು ಚಿದಂಬರರಾವ್ ಜಂಬೆ. 1985ರಿಂದ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ.

ಅಲ್ಲಿ ಒಂದು ವರ್ಷಕ್ಕೆ ಸೇರುವುದು ಹದಿನೈದಿಪ್ಪತ್ತು ಮಂದಿ. ಬೆಳಿಗ್ಗೆ ವ್ಯಾಯಾಮ, ಆಮೇಲೆ ಪಾಠ, ಮಧ್ಯಾಹ್ನದಿಂದ ತಾಲೀಮು. ರಾಜ್ಯದ ಯಾವ್ಯಾವುದೋ ಮೂಲೆಯಿಂದ ಬಂದ ಬಾಯಿಗಳು ಒಂದೇ ಪುಟವನ್ನು ಓದುವಾಗ ಕೇಳಬೇಕು. ಕಲಬುರಗಿಯವನ ಏರಿಳಿತ ಬೇರೆ, ಕುಂದಾಪುರದವಳ ಎಳೆತ ಬೇರೆ. ಮಂಗಳೂರಿನ ನಮ್ಮವರು ಪ್ರತಿ ವಾಕ್ಯವನ್ನೂ ಪುಸ್ತಕದಿಂದ ಎದ್ದು ಬಂದಂತೆ ಸ್ಪಷ್ಟವಾಗಿ, ಸಪ್ಪೆಯಾಗಿ ಹೇಳುತ್ತಾರೆ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರಿಗೆ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ, ಅದು ನಾಲಗೆಯಿಂದ ಹೊಟ್ಟೆಗೆ ಇಳಿಯಲು ಸಮಯ ಬೇಕು. ಜೊತೆಗೆ ಪರದೆ ಕಟ್ಟುವುದು, ದೀಪ ತೂಗುಹಾಕುವುದು, ಪರಿಕರ ಮಾಡುವುದು, ಗುಡಿಸುವುದು ಎಲ್ಲವೂ ವಿದ್ಯಾರ್ಥಿಯದೇ ಕೆಲಸ. ಘಟ್ಟದ ಮೇಲಿನ ಆ ಶಾಲೆಯ ಪಠ್ಯದಲ್ಲೂ ಯಕ್ಷಗಾನವಿದೆ. ಕರಾವಳಿಯಲ್ಲಿ ಆಟವನ್ನು ತಾತ್ಸಾರ ಮಾಡಿ ಬೆಳೆದ ಹುಡುಗ ಹೆಗ್ಗೋಡಿಗೆ ಹೋಗಿ ಅರೆಮಂಡಿ ಕಲಿಯುವುದುಂಟು. ಅಚ್ಯುತ್ ಕುಮಾರ್, ಹೆಸರಿನಲ್ಲೇ ಶಾಲೆಯನ್ನು ಹೊತ್ತ ಸತೀಶ್ ನೀನಾಸಂ ಅವರಂಥವರು ತೆರೆಯ ಮೇಲೆ ಕಂಡದ್ದರಿಂದ ಇತ್ತೀಚೆಗೆ ಅರ್ಜಿ ಹಾಕುವವರಲ್ಲಿ ಸಿನಿಮಾ ಕಣ್ಣಿನವರು ಹೆಚ್ಚು. ಇದನ್ನು ದೂರುವವರಿದ್ದಾರೆ. ಬಂದ ಕಾರಣ ಯಾವುದಾದರೇನು, ವರ್ಷವಿಡೀ ಉಳಿದರೆ ಆಯಿತು.

ಮಂಗಳೂರಿನೊಳಗೂ ಈಗ ಜಾಗಗಳಿವೆ. ಅಲೋಶಿಯಸ್ ಮತ್ತು ಪಾದುವ ಕಾಲೇಜುಗಳ ರಂಗ ಅಧ್ಯಯನ ಕೇಂದ್ರಗಳು, ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್‌ನ ಕೊಂಕಣಿ ರಂಗತಂಡ ‘ಕಲಾಕುಲ್’. ಕೆಲವು ವಾರಗಳಲ್ಲಿ ನಾಯಕನನ್ನಾಗಿ ಮಾಡುವ ಕ್ಯಾಮರಾ ನಟನೆಯ ಕೋರ್ಸುಗಳೂ ಇವೆ. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೇರುವ ಮುನ್ನ ಒಂದು ಪ್ರಶ್ನೆ ಕೇಳಿ ನೋಡಿ: ವರ್ಷದ ಕೊನೆಗೆ ಎಷ್ಟು ಸಲ ನಿಜವಾದ ಪ್ರೇಕ್ಷಕರ ಮುಂದೆ ನಿಲ್ಲಿಸುತ್ತೀರಿ? ಉತ್ತರದಲ್ಲಿ ಫೋಟೋ ಆಲ್ಬಂ, ಶೋರೀಲುಗಳಷ್ಟೇ ಇದ್ದರೆ ಎರಡನೇ ಪ್ರಶ್ನೆ ಬೇಡ.

ಶಾಲೆಗಳು ತಮ್ಮ ಪಾಲಿನದನ್ನು ಮಾಡುತ್ತಿವೆ. ಮಾಡದೆ ಉಳಿದವರು ಆಟ ಆಡಿಸುವ ನಾವು. ಮಳೆಗಾಲದಲ್ಲಿ ಕಲಿತ ಮಕ್ಕಳಿಗೆ ವರ್ಷಾಂತ್ಯದಲ್ಲೊಂದು ರಂಗಪ್ರವೇಶ ಸಿಗುತ್ತದೆ. ಬಾಡಿಗೆ ವೇಷ, ಕಿರೀಟ ಬಿಗಿದು ತಲೆನೋವು, ಎದುರಿಗೆ ಅಪ್ಪ ಅಮ್ಮಂದಿರ ಮೊಬೈಲುಗಳು, ಅಲ್ಲಿಗೆ ಮುಗಿಯಿತು. ನವೆಂಬರ್ ಕಳೆದರೆ ಇದೇ ಊರಿನ ಬಯಲುಗಳಲ್ಲಿ ವೃತ್ತಿಮೇಳಗಳ ರಂಗಸ್ಥಳ ಏಳುತ್ತದೆ. ಏಳು ಗಂಟೆಯ ಆಟಕ್ಕೆ ಆರಕ್ಕೇ ಧ್ವನಿವರ್ಧಕ ಸಿದ್ಧವಾಗಿರುತ್ತದೆ, ಆ ಒಂದು ಗಂಟೆ ‘ಹಲೋ ಮೈಕ್ ಟೆಸ್ಟಿಂಗ್’ನಲ್ಲಿ, ಪ್ರಾಯೋಜಕರ ಹೆಸರು ಓದುವುದರಲ್ಲಿ ಹೋಗುತ್ತದೆ. ಆ ಹೊತ್ತನ್ನು ಊರಿನ ತರಗತಿಯ ಮಕ್ಕಳಿಗೆ ಕೊಟ್ಟು, ಮೇಳದ ಚಂಡೆಗೇ ಕೋಡಂಗಿ, ಬಾಲಗೋಪಾಲ ಕುಣಿಸಿದರೆ ಖರ್ಚೇನೂ ಬೀಳದು. ಪ್ರಾಯೋಜಕರ ಹೆಸರನ್ನು ಬ್ಯಾನರಿನಲ್ಲಿ ಹಾಕಿಸಿದರಾಯಿತು.