ಕಪ್ತಾನನ ಒಂದು ರಾತ್ರಿ

ಗೊತ್ತುಪಡಿಸಿದ ದಿನದಂದು, ಗೊತ್ತುಪಡಿಸಿದ ಬಂದರುಗಳ ನಡುವೆ ಮಹಾಸಾಗರ ದಾಟಿ ಪ್ರಯಾಣಿಕರನ್ನು ಕರೆದೊಯ್ಯುವ ಹಡಗಿಗೆ ‘ಲೈನರ್’ ಎಂದು ಹೆಸರು. ಅದರ ಕಪ್ತಾನನೆಂದರೆ ಶುಭ್ರ ಸಮವಸ್ತ್ರ ತೊಟ್ಟು ಅತಿಥಿಗಳೊಂದಿಗೆ ಊಟಕ್ಕೆ ಕೂರುವ ವ್ಯಕ್ತಿಯೆಂದು ನೀವು ಭಾವಿಸಿರಬಹುದು. ಆ ಹುದ್ದೆಯ ನಿಜವಾದ ಭಾರ ಎಂಥದೆಂದು ತಿಳಿಯಲು ಆರ್ಥರ್ ರಾಸ್ಟ್ರನ್ ಅವರ ಜೀವನವನ್ನು ನೋಡಬೇಕು.

ಇಂಗ್ಲೆಂಡಿನ ಬೋಲ್ಟನ್ ಬಳಿ 1869ರಲ್ಲಿ ಜನಿಸಿದ ರಾಸ್ಟ್ರನ್ ಹದಿಹರೆಯದಲ್ಲೇ ‘ಕಾನ್‌ವೇ’ ಎಂಬ ತರಬೇತಿ ಹಡಗನ್ನು ಸೇರಿದರು. ಅನಂತರ ಹಾಯಿಹಡಗುಗಳಲ್ಲಿ ದುಡಿದು, ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, 1895ರಲ್ಲಿ ಕ್ಯುನಾರ್ಡ್ ಕಂಪನಿಗೆ ಬಂದರು. 1912ರಲ್ಲಿ ‘ಕಾರ್ಪೇಥಿಯಾ’ ಹಡಗಿನ ಕಪ್ತಾನರಾದರು.

ಆ ವರ್ಷದ ಏಪ್ರಿಲ್ 15, ನಡುರಾತ್ರಿ ಕಳೆದಿತ್ತು. ಮಲಗಲು ಅಣಿಯಾಗುತ್ತಿದ್ದ ನಿಸ್ತಂತು ನಿರ್ವಾಹಕ ಹೆರಾಲ್ಡ್ ಕಾಟಮ್ ಅವರಿಗೆ ಟೈಟಾನಿಕ್‌ನ ಮೊರೆ ಕೇಳಿಸಿತು. ಲೆಕ್ಕ ಹಾಕಿದಾಗ ದೂರ 58 ನಾವಿಕ ಮೈಲಿ. ರಾಸ್ಟ್ರನ್ ಮೊದಲು ಹಡಗನ್ನು ತಿರುಗಿಸಲು ಆಜ್ಞೆಯಿತ್ತು, ಸುದ್ದಿ ಖಚಿತವೇ ಎಂದು ಆಮೇಲೆ ವಿಚಾರಿಸಿದರು.

ಮುಂದಿನ ಸಿದ್ಧತೆಯನ್ನು ಗಮನಿಸಿ. ಆವಿಯೆಲ್ಲ ಎಂಜಿನಿಗೇ ಒದಗಲೆಂದು ಕೋಣೆಗಳಿಗೆ ಶಾಖ, ಬಿಸಿನೀರು ನಿಲ್ಲಿಸಿದರು. ಮೂರು ಭೋಜನಶಾಲೆಗಳಲ್ಲಿ ಮೂವರು ವೈದ್ಯರನ್ನು ಇರಿಸಿದರು. ಕಂಬಳಿ, ಕಾಫಿ, ಸೂಪು, ಹಗ್ಗದ ಏಣಿ ಎಲ್ಲವೂ ಸಜ್ಜಾದವು. ಮಕ್ಕಳನ್ನು ಮೇಲಕ್ಕೆತ್ತಲು ಕ್ಯಾನ್ವಾಸ್ ಚೀಲಗಳೂ ಇದ್ದವು.

ಆದರೆ ಇಲ್ಲೊಂದು ಕಠಿಣ ಪ್ರಶ್ನೆಯಿದೆ. ತಮ್ಮನ್ನೇ ನಂಬಿದ ಸುಮಾರು 700 ಪ್ರಯಾಣಿಕರನ್ನು ಕತ್ತಲಲ್ಲಿ, ಹಿಮಬಂಡೆಗಳ ನಡುವೆ ಪೂರ್ಣ ವೇಗದಲ್ಲಿ ಒಯ್ಯುವುದು ಸರಿಯೇ? ಟೈಟಾನಿಕ್ ಮುಳುಗಿದ್ದೂ ಹಿಮದ ನಡುವಿನ ವೇಗದಿಂದಲೇ ಅಲ್ಲವೇ? ಅಪಾಯವನ್ನು ಅರಿತೇ ರಾಸ್ಟ್ರನ್ ಹೊರಟಿದ್ದರು. ಅದಕ್ಕೆಂದೇ ಹೆಚ್ಚುವರಿ ಕಾವಲುಗಾರರನ್ನು ನಿಲ್ಲಿಸಿ, ಎದುರಾದ ಹಿಮಬಂಡೆಗಳನ್ನು ಒಂದೊಂದಾಗಿ ತಪ್ಪಿಸುತ್ತ ಸಾಗಿದರು. ಅದೃಷ್ಟವೂ ಜೊತೆಗಿತ್ತು. ತಮ್ಮದಲ್ಲದ ಇನ್ನೊಂದು ಕೈ ಅಂದು ಹಡಗನ್ನು ನಡೆಸಿತೆಂದು ದೈವಭಕ್ತರಾದ ಅವರು ನಂಬಿದ್ದರು.

ಬೆಳಗಿನ ಜಾವ 4ರ ಸುಮಾರಿಗೆ ಕಾರ್ಪೇಥಿಯಾ ಅಲ್ಲಿಗೆ ತಲುಪಿದಾಗ ಟೈಟಾನಿಕ್ ಮುಳುಗಿ ಒಂದೂವರೆ ಗಂಟೆ ಮೀರಿತ್ತು. ದೋಣಿಗಳಲ್ಲಿದ್ದ 700ಕ್ಕೂ ಹೆಚ್ಚು ಜನರನ್ನು ಹತ್ತಿಸಿಕೊಂಡರು. 1,500ರಷ್ಟು ಜನ ಅಷ್ಟರಲ್ಲೇ ಪ್ರಾಣ ಕಳೆದುಕೊಂಡಿದ್ದರು.

ರಾಸ್ಟ್ರನ್ ಮುಂದೆ ಪ್ರಸಿದ್ಧ ‘ಮಾರಿಟೇನಿಯಾ’ ಹಡಗನ್ನು ಹಲವು ವರ್ಷ ನಡೆಸಿದರು. 1926ರಲ್ಲಿ ‘ಸರ್’ ಪದವಿ ಪಡೆದರು. 1931ರಲ್ಲಿ ನಿವೃತ್ತರಾಗಿ, 1940ರಲ್ಲಿ ತೀರಿಕೊಂಡರು. ಕಾರ್ಪೇಥಿಯಾ 1918ರಲ್ಲಿ ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಮುಳುಗಿತು.

ಸಾಗರದಲ್ಲಿ ಆಪತ್ತಿಗೊಳಗಾದವರ ನೆರವಿಗೆ ಧಾವಿಸುವುದು ಇಂದು ಪ್ರತಿ ಕಪ್ತಾನನಿಗೂ ಅಂತರರಾಷ್ಟ್ರೀಯ ಕಾನೂನು ವಿಧಿಸಿರುವ ಕರ್ತವ್ಯ. ಆದರೂ ಯಾವ ವೇಗದಲ್ಲಿ, ಎಷ್ಟು ಎಚ್ಚರದಿಂದ ಹೋಗಬೇಕೆಂಬುದನ್ನು ಆ ಕ್ಷಣದಲ್ಲಿ ಒಬ್ಬನೇ ನಿಂತು ತೀರ್ಮಾನಿಸಬೇಕಾದವನು ಕಪ್ತಾನನೇ.