ಕಾರಿನ ಎಂಜಿನ್‌ಗೆ ಉಸಿರಾಟದ ಲೆಕ್ಕ

ಪಂಪ್‌ಸೆಟ್ಟಿನ ಆಯಿಲನ್ನು ಕಾರಿಗೆ ಹೊಯ್ದದ್ದು ನಾನೇ. ಡಬ್ಬಿಯಲ್ಲಿ ಒಂದು ಲೀಟರ್ ಉಳಿದಿತ್ತು, ಕಾರಿನಲ್ಲಿ ಮಟ್ಟ ಇಳಿದಿತ್ತು. ಆಯಿಲ್ ಅಂದರೆ ಆಯಿಲ್ ಅಲ್ಲವೇ! ಸೆಕೆಂಡ್‌ಹ್ಯಾಂಡ್ ಪೆಟ್ರೋಲ್ ಕಾರು, ಕೊಂಡ ಮೇಲೆ ಎರಡು ವರ್ಷ ಆಯಿಲ್ ಬದಲಿಸಿಯೂ ಇರಲಿಲ್ಲ. ಕೆಲವು ವಾರಗಳಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಕರಕರ ಸದ್ದು. ಅಡಿಕೆ ಗೋಣಿ ಹೇರಿದರೆ ಚಡಾವಿನಲ್ಲಿ ಎಳೆಯದು. ಕೊನೆಗೆ ಹಳದಿ ಎಂಜಿನ್ ದೀಪ.

ಗ್ಯಾರೇಜಿನ ಹುಡುಗ ಎಂಜಿನ್ನಿನ ತಲೆಯ ಪಕ್ಕದಿಂದ ಒಂದು ಸಣ್ಣ ವಾಲ್ವ್ ಬಿಚ್ಚಿ ತೋರಿಸಿದ. ಅದರ ಜಾಲರಿ ತುಂಬ ಕಪ್ಪು ಅಂಟು. "ಅಣ್ಣಾ, ಇದು ವಿವಿಟಿ ಎಂಜಿನ್. ಆಯಿಲ್ ಇಲ್ಲಿ ಬರೇ ಜಾರಲಿಕ್ಕೆ ಅಲ್ಲ, ಕೆಲಸ ಮಾಡಲಿಕ್ಕೂ ಬೇಕು" ಅಂದ. ಆ ಮಾತು ಅರ್ಥವಾಗಬೇಕಾದರೆ ನಮ್ಮ ಪಂಪ್‌ಸೆಟ್ಟಿನಿಂದಲೇ ಸುರು ಮಾಡಬೇಕು.

ಒಂದೇ ವೇಗ, ಒಂದೇ ಲೆಕ್ಕ

ಡೀಸೆಲ್ ಪಂಪ್‌ಸೆಟ್ಟಿಗೆ ಟ್ಯಾಪೆಟ್ ಇಟ್ಟವರಿಗೆ ವಾಲ್ವ್ ಗೊತ್ತುಂಟು. ಕ್ಯಾಮ್ ತಿರುಗಿದಾಗ ರಾಕರ್ ಒತ್ತುತ್ತದೆ, ವಾಲ್ವ್ ತೆರೆಯುತ್ತದೆ, ಗಾಳಿ ಒಳಗೆ. ಪಿಸ್ಟನ್ ತೀರಾ ಕೆಳಗಿಳಿದಾಗಲೇ ಈ ವಾಲ್ವ್ ಮುಚ್ಚುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಪಿಸ್ಟನ್ ಮೇಲೇರಲು ಸುರುಮಾಡಿದ ಮೇಲೂ ತುಸು ಹೊತ್ತು ತೆರೆದೇ ಇರುತ್ತದೆ. ಓಡಿ ಬರುವ ಗಾಳಿಗೆ ತೂಕ ಉಂಟು, ವೇಗ ಉಂಟು. ಬಂದ ರಭಸಕ್ಕೆ ಇನ್ನಷ್ಟು ಒಳನುಗ್ಗುತ್ತದೆ.

1500 ಸುತ್ತಿನ ಪಂಪ್‌ಸೆಟ್ಟಿನಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿಯಲು ಸೆಕೆಂಡಿನ ಐವತ್ತನೇ ಒಂದು ಪಾಲು ಬೇಕು. ಗವರ್ನರ್ ಆ ವೇಗವನ್ನು ಬದಲಾಗಲು ಬಿಡುವುದಿಲ್ಲ. ಹಾಗಾಗಿ ಕಂಪೆನಿಯಲ್ಲಿ ಒಮ್ಮೆ ಲೆಕ್ಕ ಹಾಕಿ ಕಡೆದ ಕ್ಯಾಮ್ ಆಯುಷ್ಯಪೂರ್ತಿ ಸಾಕು.

ಕಾರು ಹಾಗಲ್ಲ. ಗೇಟಿನ ಎದುರು ನಿಂತಾಗ ಸುಮಾರು 750 ಸುತ್ತು, ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ 6000 ತನಕವೂ ಹೋದೀತು. ಆಗ ಗಾಳಿ ಎಳೆಯಲು ಸಿಗುವ ಸಮಯ ಸೆಕೆಂಡಿನ ಇನ್ನೂರನೇ ಒಂದು ಪಾಲು. ಅಲ್ಲಿ ವಾಲ್ವ್ ತಡವಾಗಿ ಮುಚ್ಚಿದರೇ ಲಾಭ. ಅದೇ ತಡ ನಿಧಾನಗತಿಯಲ್ಲಿ ನಷ್ಟ. ಗಾಳಿಗೆ ರಭಸ ಇಲ್ಲ, ಮೇಲೇರುವ ಪಿಸ್ಟನ್ ಒಳಗೆ ಬಂದದ್ದನ್ನೇ ಹಿಂದಕ್ಕೆ ದೂಡುತ್ತದೆ. ಹಳೆಯ ಕಾರುಗಳಲ್ಲಿ ಇವೆರಡರ ನಡುವೆ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಂಡಿದ್ದರು.

ಆ ರಾಜಿ ತಪ್ಪಿಸಲಿಕ್ಕೆಂದೇ ವಿವಿಟಿ. ಮಾರಾಟದ ಕಾರಿನಲ್ಲಿ ಇದನ್ನು ಮೊದಲು ತಂದದ್ದು ಇಟಲಿಯ ಆಲ್ಫಾ ರೋಮಿಯೋ, 1980ರಲ್ಲಿ. ಜಪಾನಿನ ಹೋಂಡಾ 1989ರಲ್ಲಿ ತಂದ ವಿಟೆಕ್‌ನ ದಾರಿ ಬೇರೆ. ಅದರಲ್ಲಿ ನಿಧಾನಕ್ಕೊಂದು, ವೇಗಕ್ಕೊಂದು ಕ್ಯಾಮ್ ಉಬ್ಬು.

ಆಯಿಲ್ ಮಾಡುವ ಕೆಲಸ

ಈಗ ಸಾಮಾನ್ಯವಾಗಿ ಕಾಣುವ ವಿವಿಟಿಯಲ್ಲಿ ಕ್ಯಾಮ್ ಶಾಫ್ಟಿನ ತುದಿಯಲ್ಲಿ, ಚೈನ್ ಕೂರುವ ಹಲ್ಲುಚಕ್ರದ ಒಳಗೆ, ಒಂದು ದುಂಡು ಡಬ್ಬಿ ಇರುತ್ತದೆ. ಡಬ್ಬಿ ಚಕ್ರಕ್ಕೆ ಸೇರಿದ್ದು. ಅದರೊಳಗಿನ ರೆಕ್ಕೆಗಳು ಶಾಫ್ಟಿಗೆ ಸೇರಿದ್ದು. ರೆಕ್ಕೆಯ ಈಚೆ ಬದಿಗೆ ಆಯಿಲ್ ಒತ್ತಿದರೆ ಶಾಫ್ಟ್ ಚಕ್ರಕ್ಕಿಂತ ತುಸು ಮುಂದೆ ಸರಿಯುತ್ತದೆ, ವಾಲ್ವ್ ಬೇಗ ತೆರೆದು ಬೇಗ ಮುಚ್ಚುತ್ತದೆ. ಆಚೆ ಬದಿಗೆ ಒತ್ತಿದರೆ ಹಿಂದೆ, ಎಲ್ಲವೂ ತಡ. ಯಾವ ಬದಿಗೆ ಎಷ್ಟು ಅಂತ ಹೇಳುವುದು ಕಾರಿನ ಕಂಪ್ಯೂಟರ್. ಆಯಿಲನ್ನು ಆ ಕಡೆಗೆ ತಿರುಗಿಸುವುದು ನನ್ನ ಕಾರಿನಲ್ಲಿ ಅಂಟು ಹಿಡಿದಿದ್ದ ಆ ಸಣ್ಣ ವಾಲ್ವ್.

ಇನ್‌ಟೇಕ್ ಕ್ಯಾಮಿಗೆ ಮಾತ್ರ ವಿವಿಟಿ ಇರುವ ಎಂಜಿನ್ನಿನಲ್ಲಿ, ಐಡ್ಲಿಂಗಿನಲ್ಲಿ ಕ್ಯಾಮ್ ಹಿಂದೆ ಇರುತ್ತದೆ. ಹೊಗೆಯ ವಾಲ್ವ್ ಮುಚ್ಚಿದ ಮೇಲೆ ಗಾಳಿಯ ವಾಲ್ವ್ ತೆರೆದರೆ ಎಂಜಿನ್ ಅದುರುವುದಿಲ್ಲ. ಹೊರೆ ಹೊತ್ತು ಚಡಾವು ಹತ್ತುವಾಗ ಮುಂದೆ ಬರಬೇಕು. ನನ್ನದು ಬರುತ್ತಿರಲಿಲ್ಲ, ಹಿಂದೆಯೇ ಕಚ್ಚಿಕೊಂಡಿತ್ತು. ಪಂಪ್‌ಸೆಟ್ಟಿನ ದಪ್ಪ ಆಯಿಲ್ ಆ ಸಪೂರ ದಾರಿಗಳಲ್ಲಿ ಬೆಳಗ್ಗಿನ ಚಳಿಗೆ ಹರಿಯುವುದೇ ತಡ. ಡಬ್ಬಿಗೆ ಆಯಿಲ್ ತಲಪುವ ಮೊದಲು ಕೇಳುತ್ತಿದ್ದದ್ದು ಆ ಕರಕರ. (ಚೈನ್ ಸವೆದರೂ ಇಂಥದೇ ಸದ್ದು ಬರುತ್ತದಂತೆ. ಅದು ದೊಡ್ಡ ಖರ್ಚು.)

ಪೈಪಿನ ಉದ್ದ

ತೋಟಕ್ಕೆ ನೀರು ಬಿಟ್ಟಿರುವಾಗ ಗೇಟ್ ವಾಲ್ವನ್ನು ಗಕ್ಕನೆ ಮುಚ್ಚಿ ನೋಡಿದ್ದೀರಾ? ಪೈಪು ದಡ್ ಎನ್ನುತ್ತದೆ, ಒಮ್ಮೊಮ್ಮೆ ಒಡೆಯುವುದೂ ಉಂಟು. ಓಡುವ ನೀರು ತಡೆದಾಗ ಒತ್ತಡದ ಅಲೆ ಎದ್ದು ಹಿಂದಕ್ಕೆ ಓಡುತ್ತದೆ. ಗಾಳಿಯದ್ದೂ ಅದೇ ಕಥೆ. ಸಿಲಿಂಡರಿಗೆ ಗಾಳಿ ಹಂಚುವ ಪೈಪುಗಳ ಗುಂಪೇ ಇನ್‌ಟೇಕ್ ಮ್ಯಾನಿಫೋಲ್ಡ್. ಪಿಸ್ಟನ್ ಎಳೆದಾಗ ಪೈಪಿನಲ್ಲಿ ಒತ್ತಡ ತಗ್ಗಿದ ಅಲೆಯೊಂದು ಹೊರಡುತ್ತದೆ, ಪೈಪಿನ ಬಾಯಿಗೆ ಹೋಗಿ ಒತ್ತಡ ಹೆಚ್ಚಿದ ಅಲೆಯಾಗಿ ಮರಳುತ್ತದೆ. ವಾಲ್ವ್ ಮುಚ್ಚುವ ಮುನ್ನ ಅದು ತಲಪಿದರೆ ಒಂದಷ್ಟು ಗಾಳಿ ಪುಕ್ಕಟೆ.

ಅಲೆಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ನಾವು ಬದಲಿಸುವಂಥದ್ದಲ್ಲ. ಬದಲಿಸಬಹುದಾದದ್ದು ಪೈಪಿನ ಉದ್ದ. ನಿಧಾನಕ್ಕೆ ಉದ್ದ ಪೈಪು, ವೇಗಕ್ಕೆ ಗಿಡ್ಡ. ಕೆಲವು ಕಾರುಗಳಲ್ಲಿ ಮ್ಯಾನಿಫೋಲ್ಡಿನೊಳಗೇ ಒಂದು ಕದವಿಟ್ಟು ಎರಡೂ ದಾರಿ ಮಾಡಿದ್ದಾರೆ. ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಒಂದೇ ಉದ್ದ. ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಕಂಡರೆ ಕಳಪೆ ಅಂದುಕೊಳ್ಳಬೇಡಿ. ಹಗುರ, ಒಳಗೆ ನುಣುಪು, ಎಂಜಿನ್ನಿನ ಬಿಸಿಯನ್ನು ಗಾಳಿಗೆ ಅಷ್ಟಾಗಿ ದಾಟಿಸುವುದಿಲ್ಲ. ಇಲಿ ಅದರ ರಬ್ಬರ್ ಹೋಸ್ ಕಚ್ಚದ ಹಾಗೆ ಮಾತ್ರ ನೋಡಿಕೊಳ್ಳಿ.

ನನ್ನ ಕಾರಿನ ಆ ಸಣ್ಣ ವಾಲ್ವ್ ತೊಳೆದರು. ಆಯಿಲ್, ಫಿಲ್ಟರ್ ಎರಡೂ ಹೊಸತು. ಕಾರಿನ ಪುಸ್ತಕದಲ್ಲಿ ಬರೆದ ಗ್ರೇಡನ್ನೇ ಹಾಕಿದರು. ಸಾವಿರ ಕಿಲೋಮೀಟರಿಗೆ ಪುನಃ ಒಮ್ಮೆ ಬದಲಿಸಲು ಹುಡುಗ ಹೇಳಿದ, ಒಳಗೆ ಉಳಿದ ಕೆಸರು ಹೊರಬರಲಿಕ್ಕೆ. ಅದನ್ನೂ ಮಾಡಿಸಿದೆ. ಮೊನ್ನೆ ಮಂಡಿಗೆ ಹೋಗುವಾಗ ಅದೇ ಚಡಾವನ್ನು ಐದು ಗೋಣಿ ಹೇರಿಕೊಂಡು ಎರಡನೇ ಗೇರಿನಲ್ಲೇ ಹತ್ತಿತು. ಪಂಪ್‌ಸೆಟ್ಟಿನ ಡಬ್ಬಿ ಈಗ ಪಂಪ್‌ಶೆಡ್ಡಿನಲ್ಲೇ ಇದೆ.